ಮೈಯೊಳಗಿನ ತೂಬು

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಅಕ್ಕನಾಗಮ್ಮನವರ ಖಾನಾವಳಿ ಇತ್ತು. ಅದಿರಿಗೆ ಬೆಲೆ ಏರಿ, ಲಾರಿಗಳು ಇರುವೆಯ ಸಾಲಿನಂತೆ ಗುಡ್ಡ ಹತ್ತಿ ಇಳಿಯುತ್ತಿದ್ದ ವರ್ಷಗಳವು. ದಾರಿಯ ಬೇವಿನ ಮರಗಳೆಲ್ಲ ಕೆಂಪಾಗಿದ್ದವು. ಚಾಲಕರು ಕೆಂಪು ಹುಬ್ಬು, ಕೆಂಪು ರೆಪ್ಪೆಗಳೊಡನೆ ಬಂದು, ಕೈಕಾಲು ತೊಳೆದು, ಜೋಳದ ರೊಟ್ಟಿ ಎಣ್ಣೆಗಾಯಿಗೆ ಕುಳಿತುಕೊಳ್ಳುತ್ತಿದ್ದರು. ಅವರು ಉಣ್ಣುವಷ್ಟರಲ್ಲಿ ಅಕ್ಕನಾಗಮ್ಮನವರು ಹೊರಗೆ ಹೋಗಿ, ಲಾರಿಯ ಮುಂಭಾಗಕ್ಕೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯ ಸರವನ್ನು ಹರಿದುಕೊಂಡು ಬರುತ್ತಿದ್ದರು. ಯಾರಾದರೂ ಗೊಣಗಿದರೆ ಉತ್ತರ ಸಿದ್ಧವಾಗಿರುತ್ತಿತ್ತು.

“ನಿಂಬಿಹಣ್ಣು ಬ್ರೇಕ್ ಹಿಡೀತೈತೇನಲೇ? ಬ್ರೇಕ್ ನೀ ಹಿಡಿ. ನಿಂಬಿಹಣ್ಣು ಉಪ್ಪಿನಕಾಯಿಗೆ ಬರ್ತೈತಿ.”

ಚಾಲಕರು ನಗುತ್ತಿದ್ದರು, ಮುಂದಿನ ಸಲ ಬರುವಾಗ ಹೊಸ ಸರವನ್ನು ಸೀಟಿನ ಕೆಳಗೆ ಅಡಗಿಸಿ ತರುತ್ತಿದ್ದರು. ಆಕೆಯ ಮೇಲೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಗಂಡನನ್ನು ಬೇಗ ಕಳೆದುಕೊಂಡು, ಮಕ್ಕಳಿಲ್ಲದೆ, ಒಲೆಯ ಮುಂದೆ ನಿಂತು ಬದುಕು ಕಟ್ಟಿಕೊಂಡ ಆ ತಾಯಿ ನಸುಕಿನಲ್ಲೇ ಎದ್ದು ಇಷ್ಟಲಿಂಗ ಪೂಜೆ ಮುಗಿಸದೆ ಹಿಟ್ಟು ಮುಟ್ಟುತ್ತಿರಲಿಲ್ಲ. ವಾರಕ್ಕೊಮ್ಮೆ ಅಕ್ಕನ ಬಳಗದಲ್ಲಿ ಕುಳಿತು ಹೆಣ್ಣುಮಕ್ಕಳಿಗೆ ತಿಳಿವಳಿಕೆ ಹೇಳುತ್ತಿದ್ದರು. ಹರಕೆ, ತಾಯಿತ, ಕಣ್ಣುದೃಷ್ಟಿ, ಗಾಳಿಸೋಂಕು ಇವೆಲ್ಲ ದೇವರ ಹೆಸರಿನಲ್ಲಿ ನಾವು ಕಟ್ಟಿಕೊಂಡ ಬೇಡಿಗಳೆಂದೂ, ಅಂಗೈಯಲ್ಲಿರುವ ಶಿವನು ದಯೆಯ ಹೊರತು ಬೇರೇನನ್ನೂ ಅರಿಯನೆಂದೂ ಅವರು ಹೇಳುವಾಗ ಕೇಳುವವರ ಕಣ್ಣು ತುಂಬುತ್ತಿತ್ತು. ಆ ನಂಬಿಕೆಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಅದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಡೆದುದನ್ನು ಕೇಳಿದವರು ಆ ನಂಬಿಕೆಯನ್ನೇ ದೂರುವುದುಂಟು.

ಅಕ್ಕನಾಗಮ್ಮನವರ ತವರು ಬುಕ್ಕಸಾಗರ. ಕಾಲುವೆಯ ನೀರಿಗೆ ಭತ್ತ ಬೆಳೆಯುವ ಮನೆತನ. ಆ ಮನೆಯಲ್ಲಿ ಒಂದು ಹಳೆಯ ಕಟ್ಟಳೆ ನಡೆದುಬಂದಿತ್ತು: ಆ ವಂಶದಲ್ಲಿ ಹುಟ್ಟಿದವರು ಯಾರೂ ಆಪರೇಷನ್ ಮಾಡಿಸಿಕೊಳ್ಳಕೂಡದು. ಕುರು ಎದ್ದರೆ ಲೇಪ, ಎಲುಬು ಮುರಿದರೆ ಬಿದಿರಿನ ಕಟ್ಟು. ಕತ್ತಿ ಮಾತ್ರ ಮೈಗೆ ಸೋಕಬಾರದು. ಸೋಕಿದರೆ ಮನೆದೇವರಾದ ವೀರಭದ್ರ ಮುನಿದು ಮೈಯೊಳಗೆ ಇಳಿದು ಸುಡುತ್ತಾನೆ ಎಂಬುದು ಹಿರಿಯರ ಮಾತು. ಇದನ್ನು ಕಣ್ಣಾರೆ ಕಂಡವರೆಂದರೆ ಅಕ್ಕನಾಗಮ್ಮನವರ ಸೋದರತ್ತೆ ಮರುಳಸಿದ್ದಮ್ಮ. ಆಕೆಯ ಅಣ್ಣ, ಅಕ್ಕನಾಗಮ್ಮನವರ ದೊಡ್ಡಪ್ಪ, ಹರ್ನಿಯಾದ ಆಪರೇಷನ್‌ಗೆಂದು ಹೋದವನು ಮೇಜಿನ ಮೇಲೆಯೇ ತೀರಿಕೊಂಡಿದ್ದ. ಕೆಲವು ವರ್ಷಗಳ ತರುವಾಯ ಅವನ ಮಗಳು, ಗಂಟಲಿನ ಗಡ್ಡೆ ತೆಗೆಸಲು ಹೋದ ಎಳೆಯ ಹುಡುಗಿ, ಹಾಗೆಯೇ ಹೋದಳು. ಎರಡು ದೇಹಗಳನ್ನೂ ಮೀಯಿಸಿದವರು ಮರುಳಸಿದ್ದಮ್ಮನೇ. ದವಡೆ ಕಚ್ಚಿಕೊಂಡಿತ್ತು, ಮೈ ಹಲಗೆಯಂತಾಗಿತ್ತು, ಉಸಿರು ನಿಂತ ಮೇಲೂ ಒಲೆಯ ಕಲ್ಲಿನಂತೆ ಕಾದಿತ್ತು ಎಂದು ಆಕೆ ಹೇಳುತ್ತಿದ್ದರು.

ಅಕ್ಕನಾಗಮ್ಮನವರಿಗೆ ಈ ಕಥೆಯ ಮೇಲೆ ವಿಶೇಷವಾದ ಕೋಪವಿತ್ತು. ಊರವರ ಮೌಢ್ಯವನ್ನೆಲ್ಲ ಹರಿದೊಗೆದ ತಾನು ತನ್ನ ತವರಿನ ಈ ಒಂದನ್ನು ಮುಟ್ಟಲಾಗಲಿಲ್ಲವಲ್ಲ ಎಂಬ ನಾಚಿಕೆ. ಬಳಗದ ಹೆಣ್ಣುಮಕ್ಕಳಲ್ಲಿ ಯಾರಿಗೂ ಇದು ತಿಳಿಯದಂತೆ ನೋಡಿಕೊಂಡಿದ್ದರು.

ಅವರ ತಮ್ಮ ಜಡೆಪ್ಪನಿಗೆ ಇಬ್ಬರು ಮಕ್ಕಳು. ಮಗ ಸಿದ್ದಲಿಂಗೇಶ್, ಮಗಳು ಸುನಿತಾ. ಸಿದ್ದಲಿಂಗೇಶ್ ಗದ್ದೆ ಬಿಟ್ಟು ಅದಿರಿನ ಟಿಪ್ಪರ್ ಹಿಡಿದಿದ್ದ. ಮಧ್ಯಾಹ್ನದ ಊಟಕ್ಕೆ ಖಾನಾವಳಿಗೇ ಬರುತ್ತಿದ್ದ. ಸೋದರತ್ತೆಯ ಕೈರೊಟ್ಟಿಗೆ ಒಲಿದವನು; ಹರಟೆಯಲ್ಲಿ ಆಕೆಯನ್ನೇ ಸೋಲಿಸುವವನು. ಅವನಿಗೆ ಕೂಲಿ ಎಷ್ಟೇ ಬರಲಿ, ಖಾನಾವಳಿಯಲ್ಲಿ ಊಟ ಮಾತ್ರ ಧರ್ಮಕ್ಕೇ ನಡೆಯುತ್ತಿತ್ತು.

ಆ ಬೇಸಿಗೆಯಲ್ಲಿ ವಡ್ಡು ಗ್ರಾಮದ ಹತ್ತಿರ ಎದುರಿನ ಲಾರಿಗೆ ದಾರಿ ಬಿಡಲು ಹೋಗಿ ಅವನ ಟಿಪ್ಪರ್ ಪಕ್ಕಕ್ಕೆ ಉರುಳಿತು. ಬಲಗೈ ಭುಜದ ಕೆಳಗೆ ಮುರಿದು, ಎಲುಬು ಚೂರುಚೂರಾಗಿತ್ತು. ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ತಂದರು. ಲೋಹದ ಪಟ್ಟಿ ಕೂರಿಸಿ ಮೊಳೆ ಹೊಡೆಯದಿದ್ದರೆ ಕೈ ಇನ್ನು ಸ್ಟೇರಿಂಗ್ ಹಿಡಿಯಲಾರದು ಎಂದು ಎಲುಬಿನ ವೈದ್ಯರು ಹೇಳಿದರು. ಜಡೆಪ್ಪನ ಮುಖ ಕಪ್ಪಿಟ್ಟಿತು. ಕಂಪ್ಲಿಯ ಬಳಿ ಕಟ್ಟು ಹಾಕುವವನೊಬ್ಬನಿದ್ದಾನೆ, ಅಲ್ಲಿಗೆ ಕರೆದೊಯ್ಯುತ್ತೇನೆ ಎಂದ. ಅಕ್ಕನಾಗಮ್ಮನವರು ತಮ್ಮನನ್ನು ಹೊರಗೆ ಕೂರಿಸಿಕೊಂಡು ಬಹಳ ಹೊತ್ತು ಬುದ್ಧಿ ಹೇಳಿದರು. ಹೆತ್ತ ತಂದೆ ಮಗನನ್ನು ಸುಡಲಾರನಾದರೆ ಜಗದ ತಂದೆ ಸುಟ್ಟಾನೆಯೇ ಎಂದು ಕೇಳಿದರು. ಅಕ್ಕನ ಮಾತನ್ನು ಮೀರಿ ಗೊತ್ತಿಲ್ಲದ ಜಡೆಪ್ಪ ಕೊನೆಗೆ ತಲೆಯಾಡಿಸಿದ.

ಹಾಸಿಗೆಯಲ್ಲಿದ್ದ ಹುಡುಗ ನೋವಿನಲ್ಲೂ ಹಲ್ಲುಕಿಸಿದ.

“ನೋಡತ್ತಿ, ನನ್ ನಿಂಬಿಹಣ್ಣು ಉಪ್ಪಿನಕಾಯಿ ಹಾಕಿದಿ. ಈಗ ನನ್ನ ಹಾಕ್ಯಾರ ಇಲ್ಲಿ.”

“ಸುಮ್ನಿರಲೇ. ಕೈ ನೆಟ್ಟಗಾಗ್ಲಿ, ಆಮ್ಯಾಲೆ ನಿನ್ನ ಕಿವಿ ಹಿಂಡ್ತೀನಿ.”

ಆಪರೇಷನ್‌ಗೆ ಮುಂಚೆ, ಜಡೆಪ್ಪ ಹಣ ಕಟ್ಟಲು ಹೋಗಿದ್ದಾಗ, ಅರಿವಳಿಕೆ ಕೊಡುವ ವೈದ್ಯರು ಬಂದರು. ವ್ಯಾಸರಾಜ ಎಂದು ಅವರ ಹೆಸರು, ಹೊಸಪೇಟೆಯವರೇ, ನಿಧಾನವಾಗಿ, ಮೆಲ್ಲನೆ ಮಾತನಾಡುವವರು. ಹುಡುಗನ ಎದೆ, ಗಂಟಲು, ಹಲ್ಲು ನೋಡಿದರು. ಅವನಿಗೆ ಆಸ್ತಮಾ ಇದೆಯೇ, ಹಿಂದೆ ಆಪರೇಷನ್ ಆಗಿದೆಯೇ ಎಂದು ವಿಚಾರಿಸಿದರು. ಬಳಿಕ ಸುತ್ತ ನಿಂತವರ ಕಡೆಗೆ ತಿರುಗಿ, ಓದಿದವರಂತೆ ಕಂಡ ಅಕ್ಕನಾಗಮ್ಮನವರನ್ನು ಉದ್ದೇಶಿಸಿ ಕೇಳಿದರು:

“ಅಮ್ಮಾ, ನಿಮ್ಮ ಮನೆತನದಾಗ ಯಾರಿಗಾದ್ರೂ ಆಪರೇಷನ್ ವ್ಯಾಳ್ಯಾದಾಗ, ಮಂಪರು ಕೊಟ್ಟಾಗ, ಏನಾದ್ರೂ ತೊಂದ್ರಿ ಆಗಿದ್ದು ಅದ ಏನು?”

ಮಂಚದ ಕಾಲುಗಡೆ ನೆಲದ ಮೇಲೆ ಕುಳಿತಿದ್ದ ಮರುಳಸಿದ್ದಮ್ಮ ತಲೆ ಎತ್ತಿದರು. “ನಮ್ ಮನ್ಯಾಗ್ರಿ ಸಾಹೇಬ್ರ...” ಎಂದು ಬಾಯಿ ತೆರೆದರು.

ಅಕ್ಕನಾಗಮ್ಮನವರು ಬಗ್ಗಿ ಸೋದರತ್ತೆಯ ಮಣಿಕಟ್ಟನ್ನು ಹಿಡಿದು ಒತ್ತಿದರು. ಬಳೆಗಳು ಸದ್ದು ಮಾಡಿದವು. ಈಗ ಈ ಓದಿದ ವೈದ್ಯನ ಮುಂದೆ ವೀರಭದ್ರ, ಶಾಪ, ಬೆಂಕಿ ಎಲ್ಲ ಬರುತ್ತವಲ್ಲ ಎಂಬ ನಾಚಿಕೆಯಿಂದ ಅವರ ಕಿವಿ ಬಿಸಿಯಾಗಿತ್ತು.

“ಏನೂ ಇಲ್ರಿ ಡಾಕ್ಟ್ರ. ಹಳೇ ಮಂದಿ, ಏನೋ ಅಂತಾರ. ನೀವು ಮುಂದಿನ ಕೆಲ್ಸ ನೋಡ್ರಿ.”

ವ್ಯಾಸರಾಜರು ಒಂದು ಕ್ಷಣ ಮುದುಕಿಯತ್ತ ನೋಡಿದರು. ಆಕೆ ತಲೆ ತಗ್ಗಿಸಿದ್ದರು. ಅವರು ಹೊರಟುಹೋದರು.

ಮೈಮೇಲಿನದನ್ನೆಲ್ಲ ತೆಗೆಯಬೇಕೆಂದು ನರ್ಸ್ ಹೇಳಿದಾಗ ಸಿದ್ದಲಿಂಗೇಶ್ ಕೊರಳಿನ ಶಿವದಾರವನ್ನು ಎಡಗೈಯಿಂದ ಬಿಚ್ಚಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಅಕ್ಕನಾಗಮ್ಮನವರ ಕೈಗೆ ಕೊಟ್ಟ. ಆಕೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಾಗಿಲ ಹೊರಗೆ ಜಪಕ್ಕೆ ಕುಳಿತರು.

ಜಪ ಅರ್ಧದಲ್ಲಿರುವಾಗ ಬಾಗಿಲು ತೆರೆಯಿತು. ನರ್ಸ್ ಓಡುತ್ತ ಬಂದು, ಐಸ್ ಬೇಕು, ಎಲ್ಲಿ ಸಿಕ್ಕರೂ ಎಷ್ಟು ಸಿಕ್ಕರೂ ತನ್ನಿ ಎಂದಳು. ಯಾರಿಗೂ ಏನೂ ಅರ್ಥವಾಗಲಿಲ್ಲ. ಜಡೆಪ್ಪ ಐಸ್‌ಕ್ಯಾಂಡಿಯ ಕಾರ್ಖಾನೆಗೆ ಓಡಿದ. ಭತ್ತದ ಹೊಟ್ಟು ಮೆತ್ತಿದ ಗಡ್ಡೆಗಳನ್ನು ಗೋಣಿಚೀಲದಲ್ಲಿ ಹೆಗಲ ಮೇಲೆ ಹೊತ್ತು ತಂದ. ಮತ್ತೆ ಓಡಿದ. ಜ್ಯೂಸ್ ಅಂಗಡಿಗಳವರು ಕೇಳದೆಯೇ ತಮ್ಮಲ್ಲಿದ್ದುದನ್ನು ಬಕೆಟ್ಟಿನಲ್ಲಿ ತುಂಬಿಕೊಟ್ಟರು. ಅವನು ಹೊತ್ತು ಓಡಿದ ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿ, ಅವನ ಕಾಲಿನ ಕೆಂಪು ದೂಳು ಅದರಲ್ಲಿ ಕಲಸಿ, ಆಸ್ಪತ್ರೆಯ ಬಿಳಿಯ ನೆಲದ ಮೇಲೆ ಕೆಂಪು ಹೆಜ್ಜೆಗಳು ಮೂಡಿದವು. ಒಳಗೆ ಹೋದ ಐಸ್ ಎಲ್ಲ ಕರಗಿತು. ಹೊತ್ತು ಮುಳುಗುವ ಮುಂಚೆ ಸಿದ್ದಲಿಂಗೇಶ್ ತೀರಿಕೊಂಡ.

ಒಳಗೆ ಬಿಟ್ಟಾಗ ಮರುಳಸಿದ್ದಮ್ಮ ಅಳಲಿಲ್ಲ. ಮೊಮ್ಮಗನ ಪಾದವನ್ನು ಮುಟ್ಟಿದರು. ಐಸಿನ ನೀರಿನಲ್ಲಿ ತೊಯ್ದ ಪಾದ ಇನ್ನೂ ಸುಡುತ್ತಿತ್ತು. ಆಕೆ ಕೈ ತೆಗೆದು, ಅಕ್ಕನಾಗಮ್ಮನವರ ಮುಖವನ್ನು ನೋಡಿದರು. 

ಬುಕ್ಕಸಾಗರದ ಹೊಲದಲ್ಲಿ ಸಮಾಧಿ. ಅಂಗೈಯಲ್ಲಿ ಲಿಂಗವಿರಿಸಿ ಮಣ್ಣು ಕೊಡುವುದು ಪದ್ಧತಿ. ಕರಡಿಗೆ ಇದ್ದುದು ಅಕ್ಕನಾಗಮ್ಮನವರ ಸೆರಗಿನಲ್ಲಿ. ಅವರು ಕುಣಿಗೆ ಇಳಿದರು. ಹುಡುಗನ ಎಡಗೈ ಮುಷ್ಟಿಯಾಗಿ ಬಿಗಿದುಕೊಂಡಿತ್ತು. ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಬಿಡಿಸಿದ ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಮೇಲೆ ನಿಂತ ಸ್ವಾಮಿಗಳು ಮಂತ್ರ ಹೇಳಿ ಮುಗಿಸಿದರೂ ಆಕೆ ಇನ್ನೂ ಬೆರಳು ಬಿಡಿಸುತ್ತಲೇ ಇದ್ದರು.

ತಿಂಗಳು ಕಳೆದ ಮೇಲೆ ವ್ಯಾಸರಾಜರು ಖಾನಾವಳಿಗೆ ಬಂದರು. ಊಟದ ಹೊತ್ತು ಮೀರಿ ಬೆಂಚುಗಳು ಖಾಲಿಯಾಗಿದ್ದವು. ಅವರು ನಿದ್ದೆಗೆಟ್ಟವರಂತೆ ಕಾಣುತ್ತಿದ್ದರು. ದೊಡ್ಡ ಊರಿನ ತಮ್ಮ ಗುರುಗಳನ್ನು ಕೇಳಿ, ಗ್ರಂಥಗಳನ್ನು ನೋಡಿ, ಹುಡುಗನ ರಕ್ತದ ವರದಿಯನ್ನು ತಾಳೆ ಹಾಕಿ ಬಂದಿದ್ದರು. ಮನೆಯವರಿಗೆ ತಿಳಿಸುವುದು ತಮ್ಮ ಕರ್ತವ್ಯ ಎಂದರು. ಗದ್ದೆಯ ಮನೆತನದವರೆಂದು ಅರಿತಿದ್ದರಿಂದ ಗದ್ದೆಯ ಮಾತಿನಲ್ಲೇ ಹೇಳಿದರು.

ನಮ್ಮ ಸ್ನಾಯುಗಳಲ್ಲಿರುವ ಒಂದೊಂದು ಜೀವಕೋಶದೊಳಗೂ ಕ್ಯಾಲ್ಸಿಯಂ, ಎಂದರೆ ಸುಣ್ಣದ ಅಂಶ, ಒಂದು ಪುಟ್ಟ ಕೆರೆಯಲ್ಲಿ ತುಂಬಿಟ್ಟಂತೆ ಇರುತ್ತದೆ. ಕೆರೆಗೆ ತೂಬಿದೆ. ಕೈ ಎತ್ತಬೇಕೆಂದು ನಾವು ಬಯಸಿದೊಡನೆ ಅಪ್ಪಣೆ ಬರುತ್ತದೆ, ತೂಬು ಚೂರು ತೆರೆಯುತ್ತದೆ, ಕ್ಯಾಲ್ಸಿಯಂ ಹೊರಗೆ ಹರಿಯುತ್ತದೆ. ಸ್ನಾಯುವಿನ ಎಳೆಗಳು ಒಂದನ್ನೊಂದು ಜಗ್ಗಿ ಕೈ ಮೇಲೇಳುತ್ತದೆ. ಕೂಡಲೇ ತೂಬು ಮುಚ್ಚಬೇಕು. ಹರಿದುದನ್ನು ಮರಳಿ ಕೆರೆಗೆ ಎತ್ತಿ ಹಾಕಲು ಅಲ್ಲಿ ಒಂದು ಕಿಣ್ವ ನಿಂತಿರುತ್ತದೆ. ಡೀಸೆಲ್ ಪಂಪಿನ ಹಾಗೆ ಅದಕ್ಕೆ ಇಂಧನ ಬೇಕು. ಅದು ಎತ್ತಿ ಮುಗಿಸಿದಾಗ ಸ್ನಾಯು ಸಡಿಲವಾಗುತ್ತದೆ. ಸಿದ್ದಲಿಂಗೇಶನ ಮೈಯಲ್ಲಿ ಆ ತೂಬೇ ಹುಟ್ಟಿನಿಂದ ತುಸು ಕೆಟ್ಟಿತ್ತು. ದಿನದ ಬಾಳಿಗೆ ಅದರಿಂದ ತೊಡಕಿರಲಿಲ್ಲ. ಟಿಪ್ಪರ್ ಓಡಿಸಿದ, ನಕ್ಕ, ನಿದ್ರಿಸಿದ. ಆದರೆ ಅರಿವು ತಪ್ಪಿಸುವ ಅನಿಲ, ಅದರೊಡನೆ ಸ್ನಾಯು ಸಡಿಲಿಸಲು ಕೊಡುವ ಒಂದು ಚುಚ್ಚುಮದ್ದು, ಇವು ಸೋಕಿದೊಡನೆ ತೂಬು ತೆರೆದುಕೊಂಡು ಮುಚ್ಚಲಾರದೆ ಹೋಯಿತು. ಮೈಯ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದವು. ಪಂಪು ಪಾಪ, ಎತ್ತುತ್ತಲೇ ಇತ್ತು; ಎತ್ತಿದಷ್ಟೂ ಹರಿಯುತ್ತಿತ್ತು. ಇಂಧನ ಉರಿದುರಿದು ಮೈ ಕೆಂಡವಾಯಿತು. ಕೋಶಗಳು ಒಡೆದು ಒಳಗಿನದೆಲ್ಲ ರಕ್ತಕ್ಕೆ ಸೇರಿ ಹೃದಯವನ್ನು ನಿಲ್ಲಿಸಿತು. ಇಂಧನ ಮುಗಿದ ಮೇಲೆ ಪಂಪು ನಿಂತು, ಸ್ನಾಯು ಸಡಿಲವಾಗುವ ದಾರಿಯೇ ಇಲ್ಲದಂತಾಯಿತು.

ಅಕ್ಕನಾಗಮ್ಮನವರ ಬೆರಳುಗಳಿಗೆ ಆ ಮುಷ್ಟಿಯ ನೆನಪು ಬಂದಿತು. ಮಡಿಲಿನಲ್ಲಿ ಅವುಗಳನ್ನು ಒಂದರೊಳಗೊಂದು ಹೆಣೆದುಕೊಂಡರು.

ತೂಬನ್ನು ಮುಚ್ಚುವ ಮದ್ದೊಂದಿದೆ, ಅದು ನಮ್ಮಲ್ಲಿ ದೊರೆಯುತ್ತಿರಲಿಲ್ಲ ಎಂದು ವ್ಯಾಸರಾಜರು ಹೇಳಿದರು. ಈ ದೋಷ ಬಳುವಳಿಯಾಗಿ ಬರುವಂಥದು. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದು. ಮೊದಲೇ ತಿಳಿದಿದ್ದರೆ ಆ ಅನಿಲವನ್ನು ಮುಟ್ಟುತ್ತಲೇ ಇರಲಿಲ್ಲ. ಕೊರಳಿನ ಪಕ್ಕದಲ್ಲಿ ನರಕ್ಕೆ ಮದ್ದು ಕೊಟ್ಟು ಕೈಯೊಂದನ್ನೇ ಮರಗಟ್ಟಿಸಿ ಕೆಲಸ ಮುಗಿಸಬಹುದಿತ್ತು. ಅದಕ್ಕಾಗಿಯೇ ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳುವುದು. ಹೀಗೆಂದ ಮೇಲೆ, ತಾನು ಇನ್ನೊಮ್ಮೆ ಒತ್ತಿ ಕೇಳಬೇಕಿತ್ತೇನೋ ಎಂದು ತಮಗೆ ತಾವೇ ಅನ್ನುವಂತೆ ಅಂದರು.

ನಿರಪರಾಧಿಯಾದ ಆ ಮನುಷ್ಯ ತನ್ನ ಮೇಲೆ ಹೊತ್ತುಕೊಂಡಿದ್ದ ಭಾರವನ್ನು ಇಳಿಸಲು ಅಕ್ಕನಾಗಮ್ಮನವರು ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ಆಡಲಿಲ್ಲ. ಮಜ್ಜಿಗೆ ತಂದುಕೊಟ್ಟರು. ವ್ಯಾಸರಾಜರು ಅದನ್ನು ಕುಡಿದು, ಮನೆಯವರಿಗೆಲ್ಲ ಈ ವಿಷಯ ತಿಳಿಸಿ ಎಂದು ಹೇಳಿ ಎದ್ದುಹೋದರು.

ಮನೆಯವರಿಗೂ ಅವರು ತಿಳಿಸಲಿಲ್ಲ. ತಿಳಿಸಹೊರಟರೆ ಆ ಮಣಿಕಟ್ಟಿನವರೆಗೆ ಹೋಗಬೇಕಾಗುತ್ತಿತ್ತು. ಬುಕ್ಕಸಾಗರದಲ್ಲಿ ಎಲ್ಲರೂ ವೀರಭದ್ರನ ಮುನಿಸೆಂದೇ ತೀರ್ಮಾನಿಸಿ, ಅವನನ್ನು ಒಲಿಸಲು ಗುಗ್ಗಳದ ಸೇವೆ ಮಾಡಿಸಿ, ಕಟ್ಟಳೆಯನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದರು. ಅಕ್ಕನಾಗಮ್ಮನವರು ಗಂಟಲು ಕೆಟ್ಟಿದೆ ಎಂಬ ನೆಪ ಹೇಳಿ ಬಳಗದಲ್ಲಿ ಮಾತನಾಡುವುದನ್ನು ಬಿಟ್ಟರು. ಹಾಡಿಗೆ ತಾಳ ಹಾಕಿ ಹಿಂದಿನ ಸಾಲಿನಲ್ಲಿ ಕುಳಿತುಬಿಡುತ್ತಿದ್ದರು. ಲಾರಿಗಳ ನಿಂಬೆಹಣ್ಣುಗಳು ಲಾರಿಯಲ್ಲೇ ಒಣಗಿದವು. ಒಬ್ಬ ಚಾಲಕ ತಮಾಷೆಗೆಂದು ತಾನೇ ಸರ ಬಿಚ್ಚಿ ತಂದು, ಉಪ್ಪಿನಕಾಯಿ ಹಾಕ್ರಿ ಅಕ್ಕಾರ ಎಂದು ಮುಂದೆ ಹಿಡಿದಾಗ, ಆಕೆ ಒಳಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ. ಪೂಜೆಗೆ ಕುಳಿತು ಅಂಗೈಯ ಲಿಂಗವನ್ನು ದಿಟ್ಟಿಸುವಾಗ ಕಣ್ಣು ಜಾರಿ ತನ್ನ ಬೆರಳುಗಳ ಮೇಲೆ ನಿಲ್ಲುತ್ತಿತ್ತು. ಆ ಕಿಣ್ವವಾದರೂ ತಾನು ಮಾಡಬೇಕಾದುದನ್ನೇ ಮಾಡುತ್ತ ಸೋತಿತು. ತಾನು ಮಾಡಬಾರದುದನ್ನು ಮಾಡಬೇಕಾದುದೆಂದೇ ತಿಳಿದು ಮಾಡಿದೆನಲ್ಲ ಎಂದು ಅವರ ಅಂತರಂಗ ಬೇಯುತ್ತಿತ್ತು. ದೇವರು ಕ್ಷಮಿಸುತ್ತಾನೆಂದು ಎಷ್ಟೋ ಜನಕ್ಕೆ ಹೇಳಿದ ಆ ಬಾಯಿಗೆ ಕ್ಷಮಿಸೆಂದು ಕೇಳುವುದು ಮಾತ್ರ ಬರಲಿಲ್ಲ.

ಮಾರನೆಯ ವರ್ಷ ಸುನಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳ ಗಂಡ ಈಶ್ವರ್ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ದಿನ ತುಂಬುತ್ತ ಬಂದರೂ ಕೂಸು ಹೊಟ್ಟೆಯಲ್ಲಿ ಅಡ್ಡಲಾಗಿ ಮಲಗಿತ್ತು. ಇದು ತಾನಾಗಿ ಹೆರಿಗೆಯಾಗುವಂಥದಲ್ಲ, ಆಪರೇಷನ್ ಆಗಲೇಬೇಕು, ತಡಮಾಡಿದರೆ ತಾಯಿ ಮಗು ಎರಡೂ ಉಳಿಯವು ಎಂದು ಹೊಸಪೇಟೆಯ ಹೆರಿಗೆ ವೈದ್ಯರು ಖಂಡಿತವಾಗಿ ಹೇಳಿ ಕಳಿಸಿದರು. ಜಡೆಪ್ಪ ಮಗಳನ್ನು ಮನೆಗೆ ಕರೆತಂದು ಒಳಕೋಣೆಯಲ್ಲಿ ಮಲಗಿಸಿದ. ಮಗನನ್ನು ಕತ್ತಿಗೆ ಕೊಟ್ಟಾಗಿದೆ, ಮಗಳನ್ನು ಕೊಡುವುದಿಲ್ಲ. ವೀರಭದ್ರನಿಗೆ ಮೊರೆಯಿಟ್ಟರೆ ಕೂಸು ತಿರುಗುತ್ತದೆ ಎಂದ. ಅತ್ತ ಈಶ್ವರ್ ಮಾವನ ಮಾತಿಗೂ ವೈದ್ಯರ ಮಾತಿಗೂ ನಡುವೆ ಸಿಕ್ಕು, ಕೊನೆಗೆ ಖಾನಾವಳಿಗೆ ಫೋನ್ ಮಾಡಿದ.

ಅಕ್ಕನಾಗಮ್ಮನವರು ಒಲೆ ಆರಿಸಿ, ಉಟ್ಟ ಸೀರೆಯಲ್ಲೇ ಬುಕ್ಕಸಾಗರದ ಬಸ್ ಹತ್ತಿದರು.

ಅಂಗಳದಲ್ಲಿ ಭತ್ತ ಹರವಿತ್ತು. ಜಡೆಪ್ಪ ಕಟ್ಟೆಯ ಮೇಲಿದ್ದ. ಮರುಳಸಿದ್ದಮ್ಮ ಬಾಗಿಲಲ್ಲಿ ಕುಳಿತು ಹಕ್ಕಿ ಬೆದರಿಸುತ್ತಿದ್ದರು. ಒಳಗಿನಿಂದ ಸುನಿತಾಳ ನರಳಿಕೆ ಕೇಳುತ್ತಿತ್ತು. ಅಕ್ಕನನ್ನು ಕಂಡ ಜಡೆಪ್ಪ ಮೊದಲೇ ಅಂದುಬಿಟ್ಟ: “ಅಕ್ಕಾ, ಈ ಸಲ ನಿನ್ ಮಾತು ಕೇಳಂಗಿಲ್ಲ. ಬ್ಯಾಡ.”

ಆಕೆ ಕುಳಿತುಕೊಳ್ಳಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಮೈಯೊಳಗಿನ ಕೆರೆ, ಕೆಟ್ಟ ತೂಬು, ಸುಡುವ ಪಂಪು. ಅತ್ತೆ ಕಂಡದ್ದು ನಿಜ, ದವಡೆ ಕಚ್ಚಿದ್ದು ನಿಜ, ಮೈ ಕಾದದ್ದು ನಿಜ. ಅದಕ್ಕೆ ಕಾರಣ ಕತ್ತಿಯೂ ಅಲ್ಲ, ವೀರಭದ್ರನೂ ಅಲ್ಲ, ಆ ಅನಿಲ. ಅದನ್ನು ಕೊಡದೆ, ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ ಸುನಿತಾಳಿಗೆ ಆಪರೇಷನ್ ಮಾಡಬಹುದು. ಆದರೆ ವೈದ್ಯರಿಗೆ ಮೊದಲೇ ಹೇಳಬೇಕು.

“ಮದ್ಲ ಹೇಳಿದ್ರ ಸಿದ್ದಲಿಂಗ ಉಳೀತಿದ್ನ?” ಎಂದು ಜಡೆಪ್ಪ ಕೇಳಿದ.

“ಉಳೀತಿದ್ದ.”

“ಮತ್ತ ಡಾಕ್ಟ್ರು ಕೇಳ್ಲಿಲ್ಲ?”

“ಕೇಳಿದ್ರು. ಅತ್ತಿ ಹೇಳಾಕ ಹೋದ್ಲು. ನಾ ಕೈ ಹಿಡದು ಒತ್ತಿ ಬಾಯಿ ಮುಚ್ಚಿಸ್ದೆ. ಏನೂ ಇಲ್ಲ ಅಂತ ನಾನ ಅಂದೆ, ಜಡೆಪ್ಪ. ಮಂದಿ ಮುಂದ ನಾಚಿಕಿ ಆಕ್ಕೈತಿ ಅಂತ ಅಂದೆ.”

ಹಕ್ಕಿಗಳು ಭತ್ತದ ಮೇಲೆ ಇಳಿದವು. ಯಾರೂ ಬೆದರಿಸಲಿಲ್ಲ. ಜಡೆಪ್ಪ ಸೋದರತ್ತೆಯ ಕಡೆಗೆ ತಿರುಗಿದ. ಆಕೆ ಇಷ್ಟು ದಿನವೂ ಆ ಮಾತನ್ನು ಯಾರಲ್ಲಿಯೂ ಎತ್ತಿರಲಿಲ್ಲ.

“ಆಕಿ ಓದಿದಾಕಿ, ಆಕಿಗೆ ಗೊತ್ತಿರ್ತೈತಿ ಅನ್ಕೊಂಡೆಪ್ಪ,” ಎಂದರು ಮರುಳಸಿದ್ದಮ್ಮ. “ನಾನೂ ಕೈ ಕೊಡವಿ ಹೇಳಬೌದಿತ್ತು. ಸುಮ್ನಾದೆ. ಆಕೀದೊಂದ ಅಲ್ಲ ತಪ್ಪು.”

ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ತನ್ನ ಪಾಪದಲ್ಲಿ ಪಾಲು ಬೇಡುತ್ತಿರುವ ಆ ಹಣ್ಣು ಜೀವದ ಮುಂದೆ ಅಕ್ಕನಾಗಮ್ಮನವರು ಮೊದಲ ಬಾರಿಗೆ ಅತ್ತರು. ಜಡೆಪ್ಪ ಎದ್ದು ಮನೆಯ ಹಿಂದಿನ ಕಾಲುವೆಯ ಕಡೆಗೆ ನಡೆದುಹೋದ. ಸುನಿತಾಳ ನರಳಿಕೆ ಜೋರಾಗುತ್ತಿತ್ತು. ಅವನು ಮರಳಿ ಬಂದಾಗ ಮುಖ ತೊಳೆದುಕೊಂಡಿದ್ದ. ಅಕ್ಕನ ಮುಖ ನೋಡಲಿಲ್ಲ. ಈಶ್ವರ್‌ಗೆ ಜೀಪು ತರಲು ಹೇಳಿದ. ಮಗಳನ್ನು ಹತ್ತಿಸಿ, ಸೋದರತ್ತೆಯನ್ನು ಹತ್ತಿಸಿ, ಕೊನೆಗೆ ಅಂದ:

“ನೀನೂ ಹತ್ತಕ್ಕಾ. ಹಿಂದ ಕುಂದ್ರು.”

ಹೆರಿಗೆ ಆಸ್ಪತ್ರೆಯವರು ಕರೆಸಿದ ಅರಿವಳಿಕೆಯ ವೈದ್ಯರು ವ್ಯಾಸರಾಜರೇ. ಅವರನ್ನೇ ಕರೆಸಬೇಕೆಂದು ಅಕ್ಕನಾಗಮ್ಮನವರು ಬೇಡಿಕೊಂಡಿದ್ದರು. ಈ ಮನೆಯವರನ್ನು ಕಂಡು ಅವರು ಬಾಗಿಲಲ್ಲೇ ಒಂದು ಕ್ಷಣ ನಿಂತರು. ಈ ಮನೆಯ ಮಗಳಿಗೆ ಆ ಅನಿಲ ಕೊಡಬಾರದೆಂದು ಅವರಿಗೆ ಗೊತ್ತೇ ಇತ್ತು. ಆದರೂ, ವಂಶದಲ್ಲಿ ಇದು ಎಷ್ಟು ಹಳೆಯದು, ಯಾರ ಕಡೆಯಿಂದ ಬಂದುದು ಎಂಬುದು ತಿಳಿಯಬೇಕಿತ್ತು. ಸುನಿತಾಳ ನಾಡಿ ಹಿಡಿದುಕೊಂಡೇ, ಹಿಂದಿನ ಪ್ರಶ್ನೆಯನ್ನೇ ಅದೇ ಮೆಲುದನಿಯಲ್ಲಿ ಕೇಳಿದರು.

ಮರುಳಸಿದ್ದಮ್ಮ ಅಕ್ಕನಾಗಮ್ಮನವರತ್ತ ನೋಡಿದರು.

“ಹೇಳತ್ತಿ. ಎಲ್ಲಾ ಹೇಳು.”

ಮುದುಕಿ ಹೇಳಿದರು. ಅಣ್ಣನ ಕಚ್ಚಿದ ದವಡೆ, ಹಲಗೆಯಂಥ ಮೈ, ಗಂಟಲಿಗೆಂದು ಹೋದ ಹುಡುಗಿಯ ಕಾದ ಹಣೆ, ಆಕೆಯನ್ನು ಮೀಯಿಸಿದಾಗ ಮೈಮೇಲಿನ ನೀರಿನಿಂದ ಎದ್ದ ಹಬೆ. ನಡುನಡುವೆ ವೀರಭದ್ರನೂ ಬಂದ. ಯಾರೂ ತಡೆಯಲಿಲ್ಲ. ವ್ಯಾಸರಾಜರ ಮುಖ ಬಾಡುತ್ತ ಹೋಯಿತು. ಮಾತು ಮುಗಿದಾಗ ಅವರು ಅಕ್ಕನಾಗಮ್ಮನವರ ಕಡೆಗೆ ತಿರುಗಿದರು.

“ಅವತ್ತೂ ನನಗ ಇದೆಲ್ಲಾ ಗೊತ್ತಿತ್ರಿ ಡಾಕ್ಟ್ರ. ಹೇಳಾಕ ಬಿಡ್ಲಿಲ್ಲ ನಾ. ಮಜ್ಜಿಗಿ ಕೊಟ್ಟು ಕಳಿಸಿದ್ದೂ ನಾನ.”

ವ್ಯಾಸರಾಜರು ಕನ್ನಡಕ ತೆಗೆದು ಒರೆಸಿಕೊಂಡರು. ಬಳಿಕ ನರ್ಸನ್ನು ಕರೆದು, ಯಂತ್ರದಿಂದ ಅನಿಲದ ಡಬ್ಬಿ ಬಿಚ್ಚಿಡಿ, ಕೊಳವೆಗಳನ್ನು ಬದಲಿಸಿ, ಹಳೆಯ ಅನಿಲ ಒಂದಿಷ್ಟೂ ಉಳಿಯದಂತೆ ಶುದ್ಧ ಆಮ್ಲಜನಕ ಹಾಯಿಸಿ, ಬೇಕಾದೀತೆಂದು ಐಸ್ ತರಿಸಿಡಿ ಎಂದರು. ಅಕ್ಕನಾಗಮ್ಮನವರಿಗೆ ಒಳ್ಳೆಯದನ್ನೂ ಅನ್ನಲಿಲ್ಲ, ಕೆಟ್ಟದ್ದನ್ನೂ ಅನ್ನಲಿಲ್ಲ.

ಸುನಿತಾ ತನ್ನ ಕೊರಳಿನ ಲಿಂಗವನ್ನು ಬಿಚ್ಚಿ ಯಾರಿಗೆ ಕೊಡಲೆಂದು ಸುತ್ತ ನೋಡಿದಾಗ ಅಕ್ಕನಾಗಮ್ಮನವರು ಒಂದು ಹೆಜ್ಜೆ ಹಿಂದೆ ಸರಿದರು. ಮರುಳಸಿದ್ದಮ್ಮ ಕೈಯೊಡ್ಡಿದರು. ಬೆನ್ನಿಗೆ ಸೂಜಿ ಚುಚ್ಚಿ ಆಪರೇಷನ್ ಆಯಿತು. ಐಸ್ ಬೇಕಾಗಲಿಲ್ಲ; ಬಕೆಟ್ಟಿನಲ್ಲೇ ಕರಗಿತು. ಎಚ್ಚರವಾಗಿಯೇ ಇದ್ದ ತಾಯಿ ತನ್ನ ಕೂಸಿನ ಮೊದಲ ಅಳುವನ್ನು ಕೇಳಿದಳು. ಹೆಣ್ಣುಮಗು. ಶಾಂಭವಿ ಎಂದು ಹೆಸರಿಟ್ಟರು.

ಜಡೆಪ್ಪ ಅಕ್ಕನ ಖಾನಾವಳಿಯಲ್ಲಿ ಬಹಳ ಕಾಲ ಊಟ ಮಾಡಲಿಲ್ಲ. ಆದರೆ ಕೂಸಿಗೆ ಲಿಂಗ ಕಟ್ಟುವ ದಿನ ಮಗುವನ್ನು ತಾನೇ ಎತ್ತಿ ತಂದು ಆಕೆಯ ಮಡಿಲಿಗೆ ಹಾಕಿದ. “ಈ ಕೂಸಿನ ಮೈಯಾಗೂ ಆ ತೂಬು ಕೆಟ್ಟಿರಬೌದು. ದೊಡ್ಡಾಕಿ ಆಗಿ ತಾನ ಹೇಳೂ ತನಕ ಹೇಳೂ ಕೆಲ್ಸ ನಿಂದು” ಎಂದ. ಅದು ಶಿಕ್ಷೆಯೋ ಅನುಗ್ರಹವೋ ಆಕೆ ಕೇಳಲಿಲ್ಲ. ಹೊತ್ತುಕೊಂಡರು.

ಅಂದಿನಿಂದ ಅಕ್ಕನಾಗಮ್ಮನವರು ಮತ್ತೆ ಬಳಗದಲ್ಲಿ ಮಾತನಾಡಿದರು. ಮೊದಲು ಆಡಿದ್ದು ಈ ಮಾತನ್ನೇ. ನೆಂಟರ ಮನೆಗಳಿಗೆಲ್ಲ ಹೋಗಿ ಹೇಳಿದರು, ಮದುವೆಯ ಮಾತುಕತೆಗಳಲ್ಲಿ ಬೀಗರ ಮುಂದೆ ಹೇಳಿದರು. ಪ್ರತಿ ಸಲವೂ ಮಣಿಕಟ್ಟಿನ ಮಾತನ್ನು ಬಿಡಲಿಲ್ಲ. ಅದನ್ನು ಬಿಟ್ಟು ಹೇಳಿದರೂ ನಡೆಯುತ್ತದಲ್ಲ ಎಂದು ಯಾರಾದರೂ ಅಂದರೆ ತಲೆಯಲ್ಲಾಡಿಸುತ್ತಿದ್ದರು.

ಅದಿರಿನ ಲಾರಿಗಳು ನಿಂತು ಖಾನಾವಳಿ ಖಾಲಿಯಾದ ಮೇಲೆ ಶಾಂಭವಿಗೂ ಹೇಳಿದರು. ಆಗ ಅವಳು ಶಾಲೆಗೆ ಹೋಗುವ ಹುಡುಗಿ. ರೊಟ್ಟಿಯ ಹಿಟ್ಟಿನಲ್ಲಿ ಕೆರೆ ಮಾಡಿ, ಬೆರಳಿನಿಂದ ತೂಬು ಕೊರೆದು, ನೀರು ಬಿಟ್ಟು ಆಡುತ್ತ ಕೇಳುತ್ತಿದ್ದಳು. ಮಾಮನ ಕಥೆ ಬಂದಿತು, ಪ್ರಶ್ನೆ ಕೇಳಿದ ವೈದ್ಯರು ಬಂದರು, ಮಣಿಕಟ್ಟೂ ಬಂದಿತು. ಹುಡುಗಿ ಆಟ ನಿಲ್ಲಿಸಿದಳು.

“ಮುತ್ತಜ್ಜಿ ಹೇಳಾಕ ಹತ್ತಿದ್ಲಲ್ಲ. ನೀ ಯಾಕ ಕೈ ಒತ್ತಿದಿ?”

ಹಿಟ್ಟಿನ ಕೆರೆಯ ನೀರು ಕಟ್ಟೆ ಮುರಿದು ಹರಿಯುತ್ತಿತ್ತು. ಅಕ್ಕನಾಗಮ್ಮನವರು ಅದನ್ನು ಒರೆಸಲಿಲ್ಲ.

“ನನಗ ಎಲ್ಲಾ ಗೊತ್ತೈತಿ ಅನ್ಕೊಂಡಿದ್ದೆವ್ವಾ,” ಎಂದರು.